ಬಿಣಗಾ ಎದುರು ಸಮುದ್ರದ ಮೇಲೆ ಮೂರು ಬೆಳಕು: ಇಂಥದ್ದನ್ನು ನೇವಿಯವರು ತನಿಖೆ ಮಾಡ್ತಾರಾ?

ಬಿಣಗಾ ಬಾಲ್ಕನಿ
ಎಲ್ಲರಿಗೂ ನಮಸ್ಕಾರ. ಕಳೆದ ಶುಕ್ರವಾರ ರಾತ್ರಿ ಎಂಟೂವರೆ ಸುಮಾರಿಗೆ ಕರೆಂಟ್ ಹೋಗಿತ್ತು. ನಾನು, ಭಾವ ಇಬ್ಬರೂ ತಾರಸಿ ಮೇಲೆ ಗಾಳಿಗೆ ಕೂತಿದ್ದೆವು. ಅಂಜದೀವ್ ನಡುಗಡ್ಡೆಯಿಂದ ಆಚೆಗೆ ಕಿತ್ತಳೆ ಬಣ್ಣದ ಮೂರು ಬೆಳಕು ಕಂಡವು. ಸದ್ದಿಲ್ಲ. ಸ್ವಲ್ಪ ಹೊತ್ತು ಇದ್ದಲ್ಲೇ ಇದ್ದು ಒಂದರ ಹಿಂದೊಂದು ಆರಿದವು. ಅಷ್ಟರಲ್ಲಿ ಎಡಕ್ಕೆ ಮತ್ತೊಂದು ಹೊತ್ತಿತು. ಭಾವ ಮೊಬೈಲಲ್ಲಿ ವಿಡಿಯೋ ಮಾಡಿದ. ಆಮೇಲೆ ನೋಡಿದರೆ ಕಪ್ಪು ಪರದೆ, ಅದರಲ್ಲಿ ನಡುಗುವ ಎರಡು ಚುಕ್ಕಿ, ಜೊತೆಗೆ ಅವನದೇ "ಅಯ್ಯೋ ಅಯ್ಯೋ".

ಅದು ಏಲಿಯನ್ನೋ ಅಲ್ವೋ ಎಂಬ ಜಗಳ ಬೇಡ. ಅಮೆರಿಕದಲ್ಲಿ ಜನಸಾಮಾನ್ಯರು ಕಂಡದ್ದನ್ನು ವಾಯುಪಡೆಯೇ ಬರೆದುಕೊಂಡು ತನಿಖೆ ಮಾಡುತ್ತಿತ್ತಂತೆ. ನಮ್ಮಲ್ಲಿ ಅಂಥ ಏರ್ಪಾಡು ಇದೆಯಾ? ಮನೆ ಪಕ್ಕದಲ್ಲೇ ಇಷ್ಟು ದೊಡ್ಡ ನೌಕಾನೆಲೆ ಇಟ್ಟುಕೊಂಡು ಹೇಳೋದು ಯಾರಿಗೆ? ಒಂದು ಕಡೆ ಹೇಳಲು ಹೋದರೆ "ಎಷ್ಟು ಹಾಕಿದ್ರಿ ಸಾರ್" ಎಂದು ನಕ್ಕು ಕಳಿಸಿದರು. ಎಲ್ಲಿ ಅಂತ ಮಾತ್ರ ಕೇಳಬೇಡಿ.

ಚಾ ಮತ್ತು ಬನ್ಸ್
ಲೈಟ್ ಫಿಶಿಂಗ್ ಬೋಟು. ಮುಗೀತು. ಮುಂದಿನ ವಿಷಯಕ್ಕೆ ಬನ್ನಿ.

ಬೈತಖೋಲ ತಾಂಡೇಲ
ಮುಗೀಲಿಲ್ಲ ಬನ್ಸಣ್ಣ. ಲೈಟ್ ಹಾಕಿ ಮೀನು ಹಿಡಿಯೋದನ್ನ ಕೇಂದ್ರ ಸರ್ಕಾರ 2017ರಲ್ಲೇ ನಿಷೇಧ ಮಾಡಿದೆ. ಕದ್ದು ಮಾಡುವವರು ಇದ್ದಾರೆ, ಇಲ್ಲ ಅನ್ನಲ್ಲ. ಆದರೆ ಅವರದ್ದು ಬಿಳಿ ಎಲ್‌ಇಡಿ, ಕಣ್ಣು ಕುಕ್ಕುತ್ತದೆ. ಮೋಡ ಕೆಳಗಿದ್ದರೆ ಆ ಬೆಳಕು ಮೋಡಕ್ಕೆ ತಾಗಿ ಆಕಾಶದಲ್ಲೊಂದು ಬೆಳ್ಳನೆ ಮಬ್ಬು ಕಾಣುತ್ತದೆ. ಕಿತ್ತಳೆ ಚುಕ್ಕಿ ಕಾಣಲ್ಲ. ಮತ್ತೆ ಅಂಜದೀವ್ ಹತ್ತಿರ ಬಲೆ ಬಿಡಲಿಕ್ಕೆ ಹೋದರೆ ನೇವಿಯವರು ಬಂದು ವಾಪಸ್ ಅಟ್ಟುತ್ತಾರೆ, ಅಲ್ಲಿ ಯಾವ ಬೋಟು ನಿಲ್ಲುತ್ತದೆ?

ಇನ್ನೊಂದು ಮಾತು. ಸಮುದ್ರದ ಮೇಲೆ ಕೆಂಪು ಬೆಳಕು ಮೇಲಕ್ಕೆ ಹಾರಿ ನಿಧಾನ ಇಳಿಯಿತು ಅಂದರೆ ಯಾರೋ ಅಪಾಯದಲ್ಲಿದ್ದಾರೆ ಅಂತ ಅರ್ಥ. ಆಗ ವಿಡಿಯೋ ಮಾಡ್ತಾ ಕೂರಬೇಡಿ, 1554ಕ್ಕೆ ಫೋನ್ ಹಚ್ಚಿ. ಕೋಸ್ಟ್ ಗಾರ್ಡ್ ನಂಬರ್. ಕರಾವಳಿ ಕಾವಲು ಪೊಲೀಸರದ್ದು 1093.

ಬಿಣಗಾ ಬಾಲ್ಕನಿ
ಕೆಂಪಲ್ಲ ತಾಂಡೇಲರೇ, ಅಷ್ಟು ಗೊತ್ತಾಗ್ತದೆ. ನಂಬರ್ ಬರೆದಿಟ್ಟುಕೊಂಡೆ.

ಶಿರಸಿ ಚಾಲಿ
ಎಂತಾ ಮಾರಾಯಾ, ನಿಮಗೆ ಕರೆಂಟ್ ಹೋದರೆ ಬೆಳಕು ಕಾಣ್ತದೆ. ನಮಗೆ ಕರೆಂಟ್ ಹೋದರೆ ಕತ್ತಲೆಯೇ.

ಕುಮಟಾ ಮೇಷ್ಟ್ರು
ಕೇಳಿದ ಪ್ರಶ್ನೆಗೆ ಯಾರೂ ಉತ್ತರ ಕೊಡುತ್ತಿಲ್ಲ, ನಾನು ಕೊಡುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ.

1947ರ ಜೂನ್ 24ರಂದು ಕೆನೆತ್ ಅರ್ನಾಲ್ಡ್ ಎಂಬ ಖಾಸಗಿ ಪೈಲಟ್ ವಾಷಿಂಗ್ಟನ್ ರಾಜ್ಯದ ರೇನಿಯರ್ ಪರ್ವತದ ಬಳಿ ಹೊಳೆಯುವ ಒಂಬತ್ತು ವಸ್ತುಗಳನ್ನು ಕಂಡೆ ಎಂದ. ಪತ್ರಿಕೆಗಳು ಹಾರುವ ತಟ್ಟೆ ಎಂದು ಬರೆದವು. ಆಮೇಲೆ ಕೇಳಬೇಕೆ, ಊರೂರಲ್ಲಿ ತಟ್ಟೆ. ಅಲ್ಲಿನ ವಾಯುಪಡೆ ಇದರ ತನಿಖೆಗೆ ಮೊದಲು ಪ್ರಾಜೆಕ್ಟ್ ಸೈನ್ ಶುರು ಮಾಡಿತು, ಆಮೇಲೆ ಗ್ರಡ್ಜ್, 1952ರಿಂದ ಬ್ಲೂ ಬುಕ್. ಕಚೇರಿ ಓಹಾಯೋದ ರೈಟ್-ಪ್ಯಾಟರ್ಸನ್ ವಾಯುನೆಲೆಯಲ್ಲಿ. 1969ರ ಡಿಸೆಂಬರಿನಲ್ಲಿ ಬಾಗಿಲು ಹಾಕುವಾಗ ಲೆಕ್ಕದಲ್ಲಿದ್ದ ವರದಿಗಳು 12,618. ಅದರಲ್ಲಿ 701ಕ್ಕೆ ಕಾರಣ ಸಿಕ್ಕಿರಲಿಲ್ಲ.

ಇಲ್ಲಿ ಒಂದು ಸೂಕ್ಷ್ಮ ಇದೆ. ಸೈನ್ಯ ಕೇಳಿಕೊಳ್ಳುವುದು "ಇದರಿಂದ ದೇಶಕ್ಕೆ ಅಪಾಯ ಇದೆಯೇ" ಎಂದು. ನೀವು ಕೇಳುವುದು "ನಾನು ಕಂಡದ್ದು ಎಂಥದ್ದು" ಎಂದು. ಅಪಾಯ ಇಲ್ಲ ಎಂದಾದ ಕೂಡಲೇ ಅವರ ಫೈಲ್ ಕಟ್ಟುತ್ತಾರೆ. ನಿಮ್ಮ ಪ್ರಶ್ನೆ ತಾರಸಿ ಮೇಲೇ ಉಳಿಯುತ್ತದೆ. 1953ರ ಜನವರಿಯಲ್ಲಿ ಅಲ್ಲಿನ ಗುಪ್ತಚರ ಸಂಸ್ಥೆ ಸಿಐಎ ಕೂರಿಸಿದ ರಾಬರ್ಟ್‌ಸನ್ ಸಮಿತಿಗೆ ತಟ್ಟೆಗಳಿಗಿಂತ ಹೆಚ್ಚು ತಲೆನೋವಾದದ್ದು ವರದಿಗಳ ರಾಶಿ. ಎಲ್ಲರೂ ಫೋನ್ ಮಾಡುತ್ತಾ ಕೂತರೆ ನಿಜವಾದ ದಾಳಿಯ ಸುದ್ದಿ ಅದರಲ್ಲಿ ಮುಳುಗಿಹೋದೀತು ಎಂಬ ಹೆದರಿಕೆ.

ಗೋಕರ್ಣ ಗಗನ
ಮೇಷ್ಟ್ರೇ, 701 ಅಂತ ನೀವೇ ಹೇಳಿ ನೀವೇ ದಾಟಿ ಹೋದಿರಿ! ಇಷ್ಟು ದೊಡ್ಡ ವಾಯುಪಡೆ, ರಡಾರು, ವಿಜ್ಞಾನಿಗಳು, ಆದರೂ 701 ಗೊತ್ತಾಗಲಿಲ್ಲ. ಬೆಲ್ಜಿಯಂನಲ್ಲಿ 1990ರ ಮಾರ್ಚಿನಲ್ಲಿ ಆಕಾಶದಲ್ಲಿ ಬೆಳಕು ಕಂಡಿತೆಂದು ಎಫ್-16 ಯುದ್ಧವಿಮಾನಗಳನ್ನೇ ಹಾರಿಸಿದರು. ಪೊಲೀಸರೇ ಸಾಕ್ಷಿ. ಸುಮ್ಮನೆ ಹಾರಿಸ್ತಾರಾ?

ಕುಮಟಾ ಮೇಷ್ಟ್ರು
ಹಾರಿಸಿದ್ದು ನಿಜ. ಅದೇ ಬೆಲ್ಜಿಯಂನ ತ್ರಿಕೋನಾಕಾರದ ಹಾರುವ ವಸ್ತುವಿನ ಫೋಟೋ ಜಗತ್ತಿಡೀ ಓಡಾಡಿತಲ್ಲ, ಅದನ್ನು ತೆಗೆದವನೇ 2011ರಲ್ಲಿ "ಥರ್ಮಾಕೋಲಿಗೆ ಬಣ್ಣ ಬಳಿದು ಮಾಡಿದ್ದೆ" ಎಂದು ಹೇಳಿದ. ಇಪ್ಪತ್ತು ವರ್ಷ ಪರಿಣತರು ಆ ಫೋಟೋ ಇಟ್ಟುಕೊಂಡು ತಲೆ ಕೆಡಿಸಿಕೊಂಡಿದ್ದರು. 701ಕ್ಕೆ ಕಾರಣ ಸಿಗಲಿಲ್ಲ ಎಂದರೆ ನೂರಕ್ಕೆ ಐದೂವರೆ. ನಮ್ಮ ಠಾಣೆಗಳಲ್ಲಿ ಬೈಕ್ ಕಳ್ಳತನದ ಲೆಕ್ಕ ಇಷ್ಟು ಚೆನ್ನಾಗಿದ್ದರೆ ಸಾಕಿತ್ತು.

ಗೋಕರ್ಣ ಗಗನ
ಒಂದು ಫೋಟೋ ಸುಳ್ಳಾದರೆ ಕಂಡವರೆಲ್ಲ ಸುಳ್ಳರಾ?

ಕುಮಟಾ ಮೇಷ್ಟ್ರು
ಸುಳ್ಳರು ಅಂತ ನಾನೆಲ್ಲಿ ಹೇಳಿದೆ? ಕಂಡದ್ದು ಕಂಡದ್ದೇ.

ಅಂಕೋಲಾ ಮಾಜಿ ಫೌಜಿ
ಅಮೆರಿಕ ಬಿಡಿ, ನಮ್ಮದೇ ಕತೆ ಇದೆ. 2012ರ ಆಗಸ್ಟ್‌ನಿಂದ 2013ರ ಫೆಬ್ರವರಿವರೆಗೆ ಲಡಾಖ್‌ನಲ್ಲಿ, ಪ್ಯಾಂಗಾಂಗ್ ಸರೋವರದ ಕಡೆ ನಮ್ಮ ಜವಾನರು ಆಕಾಶದಲ್ಲಿ ಬೆಳಕು ಕಂಡರು. ಬರೆದಿಟ್ಟದ್ದು 329 ಸಲ. ಗಡಿ ಆಚೆಯಿಂದ ಬರುವ ಚೀನಾದ ಡ್ರೋನ್ ಇರಬೇಕು ಅಂತ ಎಲ್ಲರಿಗೂ ಅನುಮಾನ. ಕೊನೆಗೆ ವಿಷಯ ಹೋದದ್ದು ಗ್ರಹ, ನಕ್ಷತ್ರಗಳ ಅಧ್ಯಯನ ಮಾಡುವ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಗೆ. ಅಲ್ಲಿನವರು ದಿಕ್ಕು, ಸಮಯ ಎಲ್ಲ ಹೊಂದಿಸಿ ನೋಡಿ ಹೇಳಿದ್ದು: ಒಂದು ಶುಕ್ರ, ಇನ್ನೊಂದು ಗುರು.

ನಗಬೇಡಿ. ನಾನು ಆ ಕಡೆ ಇದ್ದದ್ದು ಅದಕ್ಕೂ ಮೊದಲು. ಅಷ್ಟು ಎತ್ತರದಲ್ಲಿ ಗಾಳಿ ತೆಳು, ಧೂಳಿಲ್ಲ, ಶುಕ್ರ ಎಷ್ಟು ದೊಡ್ಡದಾಗಿ ಹೊಳೆಯುತ್ತದೆ ಅಂದರೆ ಊರಲ್ಲಿ ಇದ್ದವರಿಗೆ ಹೇಳಿದರೆ ನಂಬಲ್ಲ. ಗಡಿಯಲ್ಲಿ ಇರೋನಿಗೆ ಕಂಡದ್ದನ್ನು ಬರೆಯೋದೇ ಕೆಲಸ. ಅವನು "ನಕ್ಷತ್ರ ಇರಬೇಕು" ಅಂತ ಬಿಟ್ಟು ಅದು ಡ್ರೋನ್ ಆಗಿದ್ದರೆ? 329 ಸಲ ಬರೆದದ್ದೇ ಸರಿ.

ಅಘನಾಶಿನಿ ಅಕ್ಕ
ಫೌಜಿ ಅಣ್ಣ ಹೇಳಿದ್ದು ನನಗೆ ಹಿಡಿಸಿತು. ಬರೆದವರ ತಪ್ಪಿಲ್ಲ, ಓದಿ ಹೇಳುವವರು ಬೇಕು.

ನಮ್ಮಲ್ಲಿ ಗಜನಿ ಗದ್ದೆಯಲ್ಲಿ ಕೊಳ್ಳಿದೆವ್ವ ಕಾಣ್ತದೆ ಅಂತ ಅಜ್ಜಿ ಹೇಳುತ್ತಿದ್ದಳು. ಕಗ್ಗ ಭತ್ತ ಕೊಯ್ದ ಮೇಲೆ ಉಪ್ಪುನೀರು ಬಿಟ್ಟ ಗದ್ದೆ, ರಾತ್ರಿ ದೂರದಲ್ಲಿ ಬೆಳಕು ಹೊತ್ತುತ್ತದೆ, ಆರುತ್ತದೆ, ಸರಿಯುತ್ತದೆ. ಅದರಲ್ಲಿ ಮುಕ್ಕಾಲು ಏಡಿ ಹಿಡಿಯುವವರ ಗ್ಯಾಸ್‌ಲೈಟು ಅಂತ ಅಜ್ಜನಿಗೆ ಗೊತ್ತಿತ್ತು. ಮಕ್ಕಳು ರಾತ್ರಿ ಅತ್ತ ಹೋಗದಿರಲಿ ಅಂತ ಹೇಳುತ್ತಿರಲಿಲ್ಲ ಅಷ್ಟೆ.

ಕುಮಟಾ ಮೇಷ್ಟ್ರು
ಅಕ್ಕಾ, ನಿಮ್ಮ ಕೊಳ್ಳಿದೆವ್ವ ಬ್ಲೂ ಬುಕ್ ಒಳಗೂ ಬಂದಿದೆ. 1966ರ ಮಾರ್ಚಿನಲ್ಲಿ ಮಿಷಿಗನ್ ರಾಜ್ಯದ ಡೆಕ್ಸ್‌ಟರ್, ಹಿಲ್ಸ್‌ಡೇಲ್ ಎಂಬ ಊರುಗಳಲ್ಲಿ ಜನ ಗುಂಪು ಗುಂಪಾಗಿ ಬೆಳಕು ಕಂಡರು. ಬ್ಲೂ ಬುಕ್ಕಿನ ಖಗೋಳ ಸಲಹೆಗಾರ ಅಲೆನ್ ಹೈನೆಕ್ ಹೋಗಿ ನೋಡಿ, ಕೆಲವಕ್ಕೆ ಜೌಗಿನಿಂದ ಏಳುವ ಅನಿಲ ಕಾರಣ ಇರಬಹುದು ಎಂದರು. ಪತ್ರಿಕೆಗಳು ಅದನ್ನು ಹಿಡಿದು ಗೇಲಿ ಮಾಡಿದ್ದೇ ಮಾಡಿದ್ದು. ಜನರಿಗೆ ಸಿಟ್ಟು ಬಂತು, ನಮ್ಮನ್ನು ಪೆದ್ದರು ಅಂದುಕೊಂಡಿದ್ದಾರೆ ಎಂದು. ಮುಂದೆ ಅಧ್ಯಕ್ಷರಾದ ಜೆರಾಲ್ಡ್ ಫೋರ್ಡ್ ಆಗ ಅಲ್ಲಿನ ಸಂಸದ, ಅವರೂ ವಿಚಾರಣೆ ಆಗಲಿ ಎಂದು ಪಟ್ಟು ಹಿಡಿದರು. ಅಲ್ಲಿಂದ ಇದನ್ನೆಲ್ಲ ಪರಿಶೀಲಿಸಲು ಕೊಲೊರಾಡೊ ವಿಶ್ವವಿದ್ಯಾಲಯದ ಕಾಂಡನ್ ಸಮಿತಿ, ಇನ್ನು ತನಿಖೆಯಿಂದ ಪ್ರಯೋಜನ ಇಲ್ಲ ಎಂಬ ಅದರ ವರದಿ, ಬ್ಲೂ ಬುಕ್ಕಿಗೆ ಬೀಗ.

ಅದೇ ಹೈನೆಕ್ ಮುಂದೆ ವಾಯುಪಡೆಯ ತನಿಖೆ ಸರಿಯಾಗಿ ನಡೆಯಲೇ ಇಲ್ಲ ಎಂದು ದೂರಿದರು, ತಮ್ಮದೇ ಅಧ್ಯಯನ ಕೇಂದ್ರ ಕಟ್ಟಿದರು. ಗಗನ ಅವರಿಗೆ ಖುಷಿ ಆಗಲಿ ಎಂದು ಇದನ್ನೂ ಬರೆದೆ.

ಗೋಕರ್ಣ ಗಗನ
ಆಯ್ತು ಖುಷಿ 🙂

ಶಿರಸಿ ಚಾಲಿ
ನಮ್ಮಲ್ಲೂ ಒಮ್ಮೆ ಊರಿಗೆ ಊರೇ ಅಂಗಳಕ್ಕೆ ಬಂದಿತ್ತು. ಸಾಲಾಗಿ ದೀಪ, ಆಕಾಶದಲ್ಲಿ ರೈಲು ಹೋದಂತೆ. ಮಾವ ಅಡಿಕೆ ಸುಲಿಯೋದು ಬಿಟ್ಟು ಕೈ ಮುಗಿದ. ಮಗಳು ಮೊಬೈಲ್ ನೋಡಿ "ಅಜ್ಜಾ, ಅದು ಸ್ಟಾರ್‌ಲಿಂಕ್ ಉಪಗ್ರಹ" ಅಂದಳು. ಮುಗಿದ ಕೈ ಇಳಿಸೋದು ಹೇಗೆ ಅಂತ ಗೊತ್ತಾಗದೆ ಅವ ಹಾಗೇ ತುಳಸಿಕಟ್ಟೆ ಕಡೆ ತಿರುಗಿದ.

ಚಾ ಮತ್ತು ಬನ್ಸ್
😂😂 ಮಾವನಿಗೆ ನನ್ನ ನಮಸ್ಕಾರ.

ಕದ್ರಾ ಕ್ಯಾಂಪು
ಕಾರವಾರದಲ್ಲಿ ಹಕ್ಕಿಗೂ ತನಿಖೆ ತಪ್ಪಿದ್ದಲ್ಲ ಬಿಡಿ. 2024ರ ಕೊನೆಗೆ ಬೆನ್ನಿಗೆ ಜಿಪಿಎಸ್ ಕಟ್ಟಿದ ರಣಹದ್ದು ಕಂಡು ಗೂಢಚಾರಿಕೆ ಅಂತ ಎಷ್ಟು ಗುಲ್ಲಾಯಿತು. ಆಮೇಲೆ ನೋಡಿದರೆ ಮಹಾರಾಷ್ಟ್ರದಲ್ಲಿ ಸಂಶೋಧನೆಗೆ ಟ್ಯಾಗ್ ಹಾಕಿ ಬಿಟ್ಟ ಹಕ್ಕಿ. ಒಂದು ಕಡೆ ಕೈಗಾ ಅಣುಸ್ಥಾವರ, ಇನ್ನೊಂದು ಕಡೆ ಕದಂಬ ನೌಕಾನೆಲೆ. ಇಲ್ಲಿ ಮೇಲೆ ಹಾರುವುದಕ್ಕೆಲ್ಲ ಜಾತಕ ಕೇಳುತ್ತಾರೆ.

ಅಂಕೋಲಾ ಮಾಜಿ ಫೌಜಿ
ಕೇಳಲೇಬೇಕು. 2021ರ ಜೂನ್‌ನಲ್ಲಿ ಜಮ್ಮು ವಾಯುನೆಲೆ ಮೇಲೆ ಡ್ರೋನಿಂದ ಬಾಂಬ್ ಹಾಕಿದ ಮೇಲೆ ನೌಕಾನೆಲೆಗಳ ಸುತ್ತ 3 ಕಿಲೋಮೀಟರ್ ಒಳಗೆ ಡ್ರೋನ್ ಹಾರಿಸಬಾರದು ಅಂತ ನೇವಿ ಹೇಳಿದೆ. ಮದುವೆ ಶೂಟಿಂಗ್‌ನವರೂ ನೆನಪಿಡಿ. 2023ರ ನವೆಂಬರ್ 19ಕ್ಕೆ ಇಂಫಾಲ ವಿಮಾನ ನಿಲ್ದಾಣದ ಮೇಲೆ ಏನೋ ಕಂಡಿತು ಅಂತ ಗಂಟೆಗಟ್ಟಲೆ ವಿಮಾನ ನಿಲ್ಲಿಸಿದರು, ಹುಡುಕಲು ರಫೇಲ್ ಹೋಯಿತು. ಏನೂ ಸಿಗಲಿಲ್ಲ. "ಆಮೇಲೆ ಆ ವಸ್ತು ಕಾಣಲಿಲ್ಲ" ಅಂತ ವಾಯುಪಡೆ ಹೇಳಿ ಮುಗಿಸಿತು.

ಗೋಕರ್ಣ ಗಗನ
ನೋಡಿ, ಮುಗಿಸಿತು! ನಾನು ಹೇಳೋದು ಅದನ್ನೇ. ಏನು ಅಂತ ಹೇಳಲಿಲ್ಲ.

ಕುಮಟಾ ಮೇಷ್ಟ್ರು
ಹೇಳದಿರಲು ಎರಡು ಕಾರಣ ಇರುತ್ತದೆ ಗಗನ. ಒಂದು, ಅವರಿಗೂ ಗೊತ್ತಿಲ್ಲ. ಇನ್ನೊಂದು, ಅದು ಅವರದ್ದೇ.

ಎರಡನೆಯದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. 1948ರ ಜನವರಿ 7. ಕೆಂಟಕಿಯಲ್ಲಿ ಜನ ಆಕಾಶದಲ್ಲಿ ದುಂಡಗಿನ ಏನನ್ನೋ ಕಂಡು ಪೊಲೀಸರಿಗೆ ಹೇಳಿದರು, ಅಲ್ಲಿಂದ ಸೇನಾ ವಾಯುನೆಲೆಗೆ ಸುದ್ದಿ ಹೋಯಿತು. ಆ ದಾರಿಯಲ್ಲಿ ಹಾರುತ್ತಿದ್ದ ಕ್ಯಾಪ್ಟನ್ ಥಾಮಸ್ ಮ್ಯಾಂಟೆಲ್‌ಗೆ ನೋಡಿ ಬಾ ಎಂದರು. ಆಮ್ಲಜನಕದ ವ್ಯವಸ್ಥೆ ಇಲ್ಲದೆ ಮೇಲೆ ಮೇಲೆ ಏರಿದ ಆತ ಪ್ರಜ್ಞೆ ತಪ್ಪಿರಬೇಕು, ವಿಮಾನ ಬಿದ್ದು ಸತ್ತ. ವಾಯುಪಡೆ ಮೊದಲು ಶುಕ್ರಗ್ರಹ ಎಂದಿತು. ಹಗಲಲ್ಲಿ ಶುಕ್ರ ಅಷ್ಟು ದೊಡ್ಡದಾಗಿ ಕಾಣುವುದುಂಟೇ? ಆಮೇಲೆ ಹೆಚ್ಚಿನವರು ಒಪ್ಪಿದ ಕಾರಣ ಸ್ಕೈಹುಕ್ ಬಲೂನು. ಅದು ಅಮೆರಿಕದ ನೌಕಾಪಡೆಯದ್ದು, ಆಗ ಗುಟ್ಟಿನ ಯೋಜನೆ. ಅಂದರೆ ವಾಯುಪಡೆಯ ತನಿಖಾಧಿಕಾರಿಗೆ ನೌಕಾಪಡೆಯವರು ಬಿಟ್ಟ ಬಲೂನು ಗೊತ್ತಿಲ್ಲ.

1950ರ ದಶಕದ ಕೊನೆಯಿಂದ 60ರ ದಶಕದವರೆಗಿನ ಯುಎಫ್‌ಒ, ಅಂದರೆ ಗುರುತು ಸಿಗದ ಹಾರುವ ವಸ್ತುಗಳ ವರದಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ತಮ್ಮದೇ ಬೇಹುಗಾರಿಕೆ ವಿಮಾನಗಳು ಎಂದು ಸಿಐಎಯದ್ದೇ ಅಧ್ಯಯನವೊಂದು 1997ರಲ್ಲಿ ಹೇಳಿತು. ಯು-2 ಅರುವತ್ತು ಸಾವಿರ ಅಡಿ ಮೇಲೆ ಹಾರುತ್ತಿತ್ತು. ಕೆಳಗೆ ಮುಸ್ಸಂಜೆ, ಮೇಲೆ ಅದರ ರೆಕ್ಕೆಗೆ ಇನ್ನೂ ಬಿಸಿಲು. ಕಂಡವರು ಬೆಂಕಿ ಅಂದುಕೊಂಡರು. ಬ್ಲೂ ಬುಕ್ಕಿನವರು ಸಿಐಎಗೆ ಕೇಳಿ ತಿಳಿದುಕೊಂಡರೂ ಬರೆದವರಿಗೆ ಹೇಳುವ ಹಾಗಿರಲಿಲ್ಲ, ಬೇರೆ ಏನೋ ಕಾರಣ ಕೊಡುತ್ತಿದ್ದರು. ಇಂಥ ಸುಳ್ಳು ಉತ್ತರಗಳೇ ಮುಂದೆ ಗಗನ ಅವರಂಥವರ ಅನುಮಾನಕ್ಕೆ ಗೊಬ್ಬರ ಹಾಕಿದ್ದು. ಈ ಒಂದು ವಿಷಯದಲ್ಲಿ ನಾನು ನಿಮ್ಮ ಕಡೆ.

ಗೋಕರ್ಣ ಗಗನ
ಹಾಗಾದರೆ 2021ರ ಅಮೆರಿಕದ ವರದಿ? 144 ಪ್ರಕರಣ, ಕಾರಣ ಸಿಕ್ಕಿದ್ದು ಒಂದಕ್ಕೆ ಮಾತ್ರ, ಗಾಳಿ ಹೋಗುತ್ತಿದ್ದ ದೊಡ್ಡ ಬಲೂನು. ಈಗ ಅದಕ್ಕಂತಲೇ ರಕ್ಷಣಾ ಇಲಾಖೆಯಲ್ಲಿ ಎಎಆರ್‌ಒ ಅಂತ ಕಚೇರಿ ಇದೆ.

ಕುಮಟಾ ಮೇಷ್ಟ್ರು
ಅದೇ ಎಎಆರ್‌ಒ 2024ರ ಮಾರ್ಚಿನಲ್ಲಿ ಹಳೆಯ ದಾಖಲೆ ಎಲ್ಲ ಜಾಲಾಡಿ ಅನ್ಯಗ್ರಹದ ಪುರಾವೆ ಸಿಗಲಿಲ್ಲ ಎಂದಿತು. ಆ 144 ಹೆಚ್ಚಾಗಿ ನೌಕಾಪಡೆಯ ಪೈಲಟ್‌ಗಳದ್ದು, ನಮ್ಮ ಬಾಲ್ಕನಿಯವರಂಥ ನಾಗರಿಕರದ್ದಲ್ಲ. ಬ್ರಿಟನ್ನಿನ ರಕ್ಷಣಾ ಸಚಿವಾಲಯ ನಾಗರಿಕರ ದೂರು ಕೇಳುವ ಮೇಜನ್ನು 2009ರಲ್ಲಿ ಎತ್ತಿಬಿಟ್ಟಿತು. ಐವತ್ತಕ್ಕೂ ಹೆಚ್ಚು ವರ್ಷದಲ್ಲಿ ಒಂದೂ ಅಪಾಯದ ಸುಳಿವು ಕೊಡಲಿಲ್ಲ ಎಂಬುದು ಅವರ ಕಾರಣ. ನನಗೆ ಸರಿ ಕಾಣುವುದು ಫ್ರಾನ್ಸಿನ ದಾರಿ. ಅಲ್ಲಿ 1977ರಿಂದ ಇದನ್ನು ನೋಡಿಕೊಳ್ಳುವುದು ಬಾಹ್ಯಾಕಾಶ ಸಂಸ್ಥೆ. ಊರಿನ ಪೊಲೀಸರು ಹೇಳಿಕೆ ಬರೆದುಕೊಂಡು ಅಲ್ಲಿಗೆ ಕಳಿಸುತ್ತಾರೆ, ಪ್ರಕರಣಗಳನ್ನು ಹೆಸರು ತೆಗೆದು ಇಂಟರ್ನೆಟ್ಟಲ್ಲಿ ಹಾಕುತ್ತಾರೆ.

ಬಿಣಗಾ ಬಾಲ್ಕನಿ
ಅಂದರೆ ನಮ್ಮಲ್ಲಿ ಇಸ್ರೊದವರು ನೋಡಬೇಕು ಅಂತೀರಾ?

ಕದ್ರಾ ಕ್ಯಾಂಪು
ಇಸ್ರೊದವರಿಗೆ ಬೇರೆ ಕೆಲಸ ಇಲ್ವಾ? ಒಬ್ಬ ಪಿಯುಸಿ ಫಿಸಿಕ್ಸ್ ಮೇಷ್ಟ್ರು, ಒಂದು ನಕ್ಷತ್ರದ ಆ್ಯಪು ಸಾಕು.

ಅಂಕೋಲಾ ಮಾಜಿ ಫೌಜಿ
ಬಾಲ್ಕನಿಯವರೇ, ನನ್ನ ಲೆಕ್ಕದಲ್ಲಿ ನೀವು ಕಂಡದ್ದು ಪ್ಯಾರಾಶೂಟ್ ಫ್ಲೇರ್. ರಾತ್ರಿ ಅಭ್ಯಾಸಕ್ಕೆ ಗುರಿ ಕಾಣಲಿ ಅಂತ ವಿಮಾನದಿಂದ ಬಿಡುತ್ತಾರೆ. ಕಿತ್ತಳೆ ಹಳದಿ ಬೆಳಕು, ಕೆಲವು ನಿಮಿಷ ಉರಿದು ಆರುತ್ತದೆ, ಸದ್ದು ನಿಮ್ಮವರೆಗೆ ಬರಲ್ಲ. 1997ರ ಮಾರ್ಚ್ 13ರಂದು ಅರಿಜೋನಾದ ಫೀನಿಕ್ಸ್ ನಗರದಲ್ಲಿ ಸಾವಿರಾರು ಜನ ಸಾಲು ಬೆಳಕು ಕಂಡು ದಂಗಾದರು. ರಾತ್ರಿ ಹತ್ತರ ಹೊತ್ತಿನ ಆ ಬೆಳಕು ಮೇರಿಲ್ಯಾಂಡ್‌ನಿಂದ ತರಬೇತಿಗೆ ಬಂದ ಎ-10 ವಿಮಾನಗಳು ಬಿಟ್ಟ ಫ್ಲೇರ್ ಅಂತ ಗೊತ್ತಾಗಲು ತಿಂಗಳುಗಳೇ ಹಿಡಿದವು.

ಬಿಣಗಾ ಬಾಲ್ಕನಿ
ಕೆಳಗೆ ಇಳಿಯಲಿಲ್ಲವಲ್ಲ ಸರ್. ಪ್ಯಾರಾಶೂಟ್ ಅಂದರೆ ಇಳಿಯಬೇಕಲ್ವಾ?

ಕುಮಟಾ ಮೇಷ್ಟ್ರು
ಎಷ್ಟು ದೂರ ಇತ್ತು ಅನ್ನುವುದರ ಮೇಲೆ. ದೂರದ್ದು ಇಳಿದರೂ ಇದ್ದಲ್ಲೇ ಇದ್ದ ಹಾಗೆ ಕಾಣುತ್ತದೆ. ಮುಂದಿನ ಸಲ ಹೀಗೆ ಮಾಡಿ: ಕೈ ನೇರ ಚಾಚಿ ಮುಷ್ಟಿ ಕಟ್ಟಿ, ದಿಗಂತದಿಂದ ಬೆಳಕಿಗೆ ಎಷ್ಟು ಮುಷ್ಟಿ ಅಂತ ಎಣಿಸಿ. ಒಂದು ಮುಷ್ಟಿ ಸುಮಾರು ಹತ್ತು ಡಿಗ್ರಿ. ತಾರಸಿಯ ಕಂಬ, ತೆಂಗಿನಮರ ಯಾವುದಾದರೂ ಒಂದರ ನೇರಕ್ಕೆ ಇಟ್ಟು ನೋಡಿ, ಜರುಗಿದರೆ ಗೊತ್ತಾಗುತ್ತದೆ. ಶುರುವಾದ ಹೊತ್ತು, ಆರಿದ ಹೊತ್ತು, ಗಾಳಿ ಯಾವ ಕಡೆಯದ್ದು ಬರೆದಿಡಿ. ವಿಡಿಯೋಕ್ಕಿಂತ ಇದು ಹೆಚ್ಚು ಕೆಲಸಕ್ಕೆ ಬರುತ್ತದೆ.

ಅಂಕೋಲಾ ಮಾಜಿ ಫೌಜಿ
ವಿಡಿಯೋ ಇಲ್ಲಿ ಹಾಕಬೇಡಿ ಮಾತ್ರ. ಹಿಂದೆ ಜೆಟ್ಟಿಯೋ ಹಡಗೋ ಕಂಡರೆ ತನಿಖೆ ನಿಮ್ಮ ಮೇಲೇ ಶುರುವಾಗುತ್ತದೆ.

ನಿರ್ವಾಹಕ
ಫೌಜಿಯವರು ಹೇಳಿದ್ದು ಸರಿ. ನೌಕಾನೆಲೆಯ ಫೋಟೋ, ವಿಡಿಯೋ, ನಕ್ಷೆ ಏನು ಬಂದರೂ ತೆಗೆಯುತ್ತೇವೆ. ಲೈಟ್ ಫಿಶಿಂಗ್ ಜಗಳಕ್ಕೆ ಬೇರೆ ಚರ್ಚೆ ಇದೆ, ಅಲ್ಲಿ ಮಾಡಿ.

ಹತ್ತು ರೂಪಾಯಿ ಅರ್ಜಿದಾರ
ತಡವಾಗಿ ಬಂದೆ. ಮಾಹಿತಿ ಹಕ್ಕಿನ ಬಗ್ಗೆ ಯಾರೂ ಹೇಳಲಿಲ್ಲ ಯಾಕೆ? ರಕ್ಷಣಾ ಸಂಶೋಧನೆಯ ಡಿಆರ್‌ಡಿಒ, ಗಡಿ ಕಾಯುವ ಐಟಿಬಿಪಿಗಳಿಗೆ ಕಾಯ್ದೆಯ ಎರಡನೇ ಅನುಸೂಚಿಯಲ್ಲಿ ವಿನಾಯಿತಿ ಇದೆ. ಭೂಸೇನೆ, ನೌಕಾಪಡೆ, ವಾಯುಪಡೆ ಆ ಪಟ್ಟಿಯಲ್ಲಿ ಇಲ್ಲ. ಅರ್ಜಿ ಹಾಕಬಹುದು, 30 ದಿನದಲ್ಲಿ ಉತ್ತರ ಕೊಡಬೇಕು. ಆದರೆ "ಆ ರಾತ್ರಿ ಏನು ನಡೆಯಿತು" ಅಂತ ಕೇಳಿದರೆ ಸೆಕ್ಷನ್ 8(1)(ಎ), ದೇಶದ ಭದ್ರತೆ ಅಂತ ಒಂದೇ ಸಾಲಲ್ಲಿ ವಾಪಸ್ ಬರುತ್ತದೆ. ಕೇಳುವುದನ್ನು ಹೀಗೆ ಕೇಳಿ: ನಾಗರಿಕರು ಆಕಾಶದಲ್ಲಿ ಅಪರಿಚಿತ ವಸ್ತು ಕಂಡರೆ ದೂರು ಸ್ವೀಕರಿಸುವ ಅಧಿಕಾರಿ ಯಾರು? ಕಳೆದ ಐದು ವರ್ಷದಲ್ಲಿ ಅಂಥ ಎಷ್ಟು ದೂರು ಬಂದಿವೆ? ಸಂಖ್ಯೆ ಹೇಳಲು ಭದ್ರತೆ ಅಡ್ಡ ಬರಬಾರದು. ಅಡ್ಡ ತಂದರೆ ಮೇಲ್ಮನವಿ ಇದೆ.

ಬೈತಖೋಲ ತಾಂಡೇಲ
ಅರ್ಜಿಗೆ ಮೊದಲು ಇದನ್ನು ನೋಡಿ ಮಾರಾಯ್ರೆ. ಸಮುದ್ರದಲ್ಲಿ ಫೈರಿಂಗ್ ಅಭ್ಯಾಸ ಇದ್ದರೆ ಮೊದಲೇ ಎಚ್ಚರಿಕೆ ಕೊಡುತ್ತಾರೆ, ಇಲ್ಲದಿದ್ದರೆ ನಮ್ಮ ಬೋಟು ಅಡ್ಡ ಹೋಗುತ್ತದಲ್ಲ. ಡೆಹ್ರಾಡೂನ್‌ನಲ್ಲಿರುವ ನೇವಿಯ ಜಲಮಾಪನ ಕಚೇರಿಯಿಂದ ಹಡಗುಗಳಿಗೆ ನ್ಯಾವ್‌ಏರಿಯಾ (NAVAREA) ಎಂಬ ಎಚ್ಚರಿಕೆ ಹೊರಡುತ್ತದೆ, ಅದು ಗುಟ್ಟಲ್ಲ, ಇಂಟರ್ನೆಟ್ಟಲ್ಲೇ ಇರುತ್ತದೆ. ಅಕ್ಷಾಂಶ ರೇಖಾಂಶ ಕೊಟ್ಟಿರುತ್ತಾರೆ. ನಮ್ಮ ಮೀನುಗಾರರ ಗ್ರೂಪಿಗೂ ಸುದ್ದಿ ಬರುತ್ತದೆ. ಶುಕ್ರವಾರದ್ದು ಇತ್ತಾ ಅಂತ ಹುಡುಕಿ ಹೇಳ್ತೇನೆ.

ಬಿಣಗಾ ಬಾಲ್ಕನಿ
ದಯವಿಟ್ಟು ಹುಡುಕಿ. ಇತ್ತು ಅಂದರೆ ಭಾವನ ಬಾಯಿ ಮುಚ್ಚಿಸಬಹುದು, ಅವನು ಆಗಲೇ ಮೂರು ಮನೆಗೆ ಹೇಳಿಯಾಗಿದೆ.

ಗೋಕರ್ಣ ಗಗನ
ಇಲ್ಲದಿದ್ದರೆ?

ಹತ್ತು ರೂಪಾಯಿ ಅರ್ಜಿದಾರ
ಇಲ್ಲದಿದ್ದರೆ ಹತ್ತು ರೂಪಾಯಿ ಖರ್ಚು ಮಾಡಿ. ಕರಡು ನಾನು ಬರೆದುಕೊಡ್ತೇನೆ, ಸಹಿ ಬಾಲ್ಕನಿಯವರದ್ದು.

ಬೈತಖೋಲ ತಾಂಡೇಲ
ಜೂನ್ 1ರೊಳಗೆ ಮಾಡಿ ಮುಗಿಸಿ. ಆಮೇಲೆ 61 ದಿನ ಬೋಟು ಬಂದ್, ಮಳೆ ಬೇರೆ. ಆಗ ನಿಮಗೆ ಸಮುದ್ರವೇ ಕಾಣಲ್ಲ.